ಮುಂಗೈ ಹಿಡಿದು ಕೇಳುವ ಮಂಗಳಮ್ಮ

ಬೆಳಗಿನ ಐದೂಮುಕ್ಕಾಲು. ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಮಂಗಳಮ್ಮ ಬಳೆಪೆಟ್ಟಿಗೆ ಬಿಚ್ಚಿಕೊಂಡು ಕುಳಿತಿದ್ದಾರೆ. ಹಸಿರು ಒಂದು ಕಡೆ, ಕೆಂಪು ಒಂದು ಕಡೆ. ಸೀಳು ಬಿಟ್ಟ ಬಳೆಯನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಪತ್ತೆಹಚ್ಚುತ್ತಾರೆ. ಪೆಟ್ಟಿಗೆ ಮುಚ್ಚಿ ಹತ್ತುತ್ತಲೇ, ಚಿಕ್ಕಯ್ಯನಛತ್ರದ ಕಡೆಯ ಮೊದಲ ಬಸ್ಸಿನ ಕಂಡಕ್ಟರ್ ನಂಜೇಶ್ ದಿನದ ವರಸೆ ತೆಗೆಯುತ್ತಾನೆ.

"ನಿಂಗೇನೋ ಫ್ರೀ ಕಣವ್ವ. ಪೆಟ್ಗೆಗೆ ಟಿಕೇಟ್ ಯಾರು ತಗೊಳ್ಳೋರು?"

"ಒಳಗಿರೋದೆಲ್ಲ ಎಂಗುಸ್ರ ಸಾಮಾನು ಕಣ್ಲಾ. ಅದ್ಕೂ ಫ್ರೀನೇ!"

ಬಸ್ಸಿಗೆ ಬಸ್ಸೇ ನಗುತ್ತದೆ. ಮಂಗಳಮ್ಮ ಮಾತ್ರ ಇಂದು ಅರ್ಧ ನಕ್ಕು ಕಿಟಕಿಯ ಕಡೆ ತಿರುಗುತ್ತಾರೆ. ಇವತ್ತು ಅವರು ವ್ಯಾಪಾರಕ್ಕೆ ಹೊರಟಿಲ್ಲ. ಒಬ್ಬ ಹೆಂಗಸಿನಿಂದ ಒಂದು ಉತ್ತರ ತರಬೇಕಿದೆ. ಆ ಉತ್ತರಕ್ಕಾಗಿ ನಂಜನಗೂಡಿನ ಲಾಡ್ಜೊಂದರಲ್ಲಿ ಡೆನ್ಮಾರ್ಕಿನ ನರ್ಸ್ ಲೀನಾ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಾದಿದ್ದಾಳೆ.

ಅರವತ್ತೆರಡರ ಮಂಗಳಮ್ಮ ನಂಜನಗೂಡು, ತಿ. ನರಸೀಪುರದ ಹಳ್ಳಿಗಳಲ್ಲಿ ಬಳೆ ತೊಡಿಸಲು ಶುರುಮಾಡಿ ಮೂವತ್ತೆಂಟು ವರ್ಷ. ದಿನಕ್ಕೆ ಎರಡು ಊರು, ಇಪ್ಪತ್ತು-ಇಪ್ಪತ್ತೈದು ಕೈ. ಒಂಬತ್ತು ವರ್ಷದ ಹಿಂದೆ ಮೈಸೂರಿನ ವಕೀಲೆ ಸಂಘಮಿತ್ರಾ ಮಂಗಳಮ್ಮನನ್ನು ಹುಡುಕಿಕೊಂಡು ಬಂದರು. ಎಳವೆಯಲ್ಲಿ ದತ್ತು ಹೋಗಿ ಪರದೇಶದಲ್ಲಿ ಬೆಳೆದವರು ಹೆತ್ತವಳನ್ನು ಅರಸಿ ಬಂದಾಗ, ಗುಟ್ಟು ಬಯಲಾಗದಂತೆ ಆ ತಾಯಿಯ ಮನಸ್ಸು ತಿಳಿಯುವುದು ಹೇಗೆ? ಜೀಪು ನಿಂತರೆ ಊರೇ ನೆರೆಯುತ್ತದೆ. ಬಳೆಗಾರ್ತಿ ನಡುಮನೆಯಲ್ಲಿ ಕೂತರೆ ಯಾರೂ ತಿರುಗಿ ನೋಡುವುದಿಲ್ಲ.

ಮಂಗಳಮ್ಮ ಯಾರನ್ನೂ ನೇರವಾಗಿ ಕೇಳುವುದಿಲ್ಲ. ಮುಂಗೈ ಹಿಡಿದು ಬಳೆ ಏರಿಸುತ್ತ, "ದೂರದ್ ದೇಸ್ದಿಂದ ಒಂದು ಮಗ ಬಂದದೆ ಕಣವ್ವ, ಅವ್ವನ್ನ ನೋಡ್ಬೇಕಂತೆ," ಎಂದು ಯಾರದೋ ಕತೆಯಂತೆ ಹೇಳುತ್ತಾರೆ. "ಬಾಯಿ ಸುಳ್ಳಾಡ್ಬೋದು, ಕೈ ಆಡಾಕಿಲ್ಲ. ಎದೆಗೆ ತಾಕುದ್ರೆ ಕೈ ಸೆಟ್ಕತದೆ. ಸೆಟ್ಕಂಡ್ ಕೈಗೆ ಬಳೆ ಏರಾಕಿಲ್ಲ." ಇದುವರೆಗೆ ಹನ್ನೊಂದು ಹುಡುಕಾಟ. ನಾಲ್ವರು ತಾಯಂದಿರು ಬರಲಿ ಎಂದರು, ಮೂವರು ಬೇಡ ಎಂದರು, ಉಳಿದವರು ಸಿಗಲಿಲ್ಲ. ಬೇಡವೆಂದವರ ಊರನ್ನೂ ಮಂಗಳಮ್ಮ ಬಾಯಿಬಿಡುವುದಿಲ್ಲ.

ಲೀನಾಳ ದತ್ತು ಕಾಗದದಲ್ಲಿದ್ದದ್ದು ಇಷ್ಟೇ: ತಾಯಿ 'ಕೆಂಪ', ಹೋಬಳಿಯ ಹೆಸರು, ಒಂದು ಹೆಬ್ಬೆಟ್ಟು, 'ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತಾಳೆ' ಎಂಬ ಒಂದು ಸಾಲು. ತಂದೆಯ ಜಾಗ ಖಾಲಿ. ಮೂರು ತಿಂಗಳು ಮಂಗಳಮ್ಮ ಹೋಬಳಿಯ ಊರೂರು ಸುತ್ತಿದರು. ಒಂದು ಕೈಯೂ ಸೆಟೆಯಲಿಲ್ಲ. ಕೈಚೆಲ್ಲಿ ಹೊರಟ ದಿನ ಒಂದು ಜಗಲಿಯಿಂದ ದನಿ ಬಂತು: "ಏನವ್ವ ಬಳೇರವ್ವ, ಊರ್ಗೆಲ್ಲ ಕತೆ ಏಳ್ತೀಯಂತೆ. ನಮ್ಮನೆ ಬಾಗ್ಲು ನಿನ್ ಕಣ್ಗೆ ಬೀಳಾಕಿಲ್ವಾ?"

ಗಂಡನಿಲ್ಲದ ಕೆಂಪಾಜಮ್ಮ. ಅಂಥ ಬಾಗಿಲಲ್ಲಿ ಬಳೆಗಾರ್ತಿ ಕೂಗು ಹಾಕುವುದಿಲ್ಲ. ಅದು ಕಸುಬಿನ ರೂಢಿ. "ಈ ಕಾಲು ತಾನಾಗೇ ಆ ಮನೆಗ್ಳ ದಾಟ್ಕಂಡ್ ಓಯ್ತಿತ್ತು ಕಣ್ರೀ. ನನ್ ಕೆನ್ನೆಗೆ ನಾನೇ ಒಡ್ಕೊಂಡೆ," ಎನ್ನುತ್ತಾರೆ ಮಂಗಳಮ್ಮ.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡಾಗ, ಎರಡು ವರ್ಷದ ಮಗುವನ್ನು 'ಒಂದು ವರ್ಷ ಸಾಕಿಕೊಡುತ್ತೇವೆ' ಎಂದ ಯಾರದೋ ಮಾತು ನಂಬಿ ಕೆಂಪಾಜಮ್ಮ ಹೆಬ್ಬೆಟ್ಟು ಒತ್ತಿದ್ದರು. ವರ್ಷ ತುಂಬಿ ಕೇಳಲು ಹೋದಾಗ ಮಗು ಸಮುದ್ರದಾಚೆ. ಊರಿಗೆ ಏನು ಹೇಳುವುದು? ಜ್ವರದಲ್ಲಿ ಹೋಯಿತು ಎಂದುಬಿಟ್ಟರು. ಮಗುವಿನ ಎಡ ಹಿಮ್ಮಡಿಯಲ್ಲಿ ದೀಪದ ಸುಟ್ಟಗಾಯವಿತ್ತೆಂದು ಕೇಳದೆಯೇ ಹೇಳಿದರು. ಲೀನಾಳ ಹಿಮ್ಮಡಿಯಲ್ಲಿ ಅದು ಇಂದಿಗೂ ಇದೆ. ಆದರೆ ಮಗಳು ಬರಬೇಕೆಂದರೆ, ಆಸರೆ ಕೊಟ್ಟ ಅಣ್ಣ ಮಲ್ಲಯ್ಯನೆದುರು ಅಷ್ಟು ವರ್ಷದ ಸುಳ್ಳನ್ನು ಒಪ್ಪಿಕೊಳ್ಳಬೇಕು.

ಆ ದಿನವೇ "ಊಂ" ಎನ್ನಲು ಹೊರಟ ಕೆಂಪಾಜಮ್ಮನನ್ನು ಮಂಗಳಮ್ಮನೇ ತಡೆದರು. ಒಂದು ಡಜನ್ ಹಸಿರು ಬಳೆ ಕೈಗಿಟ್ಟು, ಮಗಳು ಬರಲಿ ಅಂದರೆ ತೊಟ್ಟುಕೋ, ಬೇಡವೆಂದರೆ ವಾಪಸ್ ಕೊಡು, ಎರಡನೇ ಮಾತು ಕೇಳುವುದಿಲ್ಲ ಎಂದು ಬಂದರು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಈಗಿನ ಕಾನೂನು ಅರವತ್ತು ದಿನ ಕೊಡುತ್ತದೆ. "ಅವತ್ತು ಎಬ್ಬೆಟ್ಟು ಒತ್ತಿಸ್ಕಂಡೋರು ಒಂದ್ಗಳ್ಗೆ ಕೊಡ್ನಿಲ್ಲ. ನಾನಾದ್ರೂ ಎಂಟ್ ದಿನ ಕೊಡ್ಬ್ಯಾಡ್ವಾ?"

ಇಂದು ಎಂಟನೆಯ ದಿನ. ಬಸ್ ಇಳಿದು ಮಂಗಳಮ್ಮ ಬೀದಿ ತಿರುಗುತ್ತಾರೆ. ಜಗಲಿಯ ಮೇಲೆ ಕೆಂಪಾಜಮ್ಮ ನಿಂತಿದ್ದಾರೆ, ಸೆರಗಿನೊಳಗೆ ಎರಡೂ ಕೈ. ಪಕ್ಕದಲ್ಲಿ ಹೊಲಕ್ಕೂ ಹೋಗದೆ ನಿಂತ ಮಲ್ಲಯ್ಯ. ಮಂಗಳಮ್ಮನ ಹೆಜ್ಜೆ ನಿಧಾನವಾಗುತ್ತದೆ.

ಮೊದಲು ಬಾಯಿ ತೆರೆದವರು ಮಲ್ಲಯ್ಯ. "ಎಲ್ಲವ್ವ ನಮ್ ಸೊಸೆ? ಬಸ್ಸಲ್ಲೇ ಬುಟ್ಬಂದ್ಯಾ?"

ಸೆರಗಿನಿಂದ ಎರಡೂ ಕೈ ಹೊರಬರುತ್ತವೆ. ಆರೂ ಆರು ಹನ್ನೆರಡು ಹಸಿರು ಬಳೆ ಒಟ್ಟಿಗೇ ಗಲ್ ಎನ್ನುತ್ತವೆ.

ಹನ್ನೊಂದಕ್ಕೆ ಸಂಘಮಿತ್ರಾ ಅವರ ಕಾರು. ಲೀನಾ ಇಳಿಯುತ್ತಾಳೆ. ಕೆಂಪಾಜಮ್ಮ ಅವಳನ್ನು ತಬ್ಬುವುದಕ್ಕೂ ಮೊದಲು ಒಂದು ಮಾತು ಮುಗಿಸಿಕೊಳ್ಳುತ್ತಾರೆ. "ಬುಟ್ಕೊಡ್ನಿಲ್ಲ ಕಣವ್ವ ನಿನ್ನ. ಒಂದೊರ್ಸಕ್ಕೆ ಅಂತ ಬುಟ್ಟಿದ್ದೆ." ಸಂಘಮಿತ್ರಾ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಆಮೇಲೆ ಅಲ್ಲಿ ಯಾರ ಮಾತನ್ನೂ ಯಾರೂ ತಿರುಗಿಸುವುದಿಲ್ಲ. ಮಲ್ಲಯ್ಯ ಅವಳ ಹಿಮ್ಮಡಿ ನೋಡಿ, "ಆ ದೀಪ ನೆಲದ್ ಮ್ಯಾಲೆ ಇಟ್ಟೋನು ನಾನೇ ಕಣಮ್ಮಿ," ಎಂದು ನಗುತ್ತ ಅಳುತ್ತಾರೆ. ಡಿಎನ್ಎ ಪರೀಕ್ಷೆ ನಾಳೆ ಮೈಸೂರಿನಲ್ಲಿ, ಇವತ್ತು ಪಾಯಸ. ಈ ಬರಹದಲ್ಲಿ ಹೆಸರು ಬರೆಯಲು ಕೆಂಪಾಜಮ್ಮ ತಾವಾಗಿ ಒಪ್ಪಿದ್ದಾರೆ: "ಬಚ್ಚಿಟ್ಟಿದ್ದು ಸಾಕು." ಊರಿನ ಹೆಸರು ಬೇಡವೆಂದದ್ದು ಮಂಗಳಮ್ಮ.

ಮಗಳ ಕೈಗೂ ಬಳೆ ಏರಿಸಿ ಮಂಗಳಮ್ಮ ಪೆಟ್ಟಿಗೆ ಮುಚ್ಚುವಾಗ, ಕೆಂಪಾಜಮ್ಮನ ಕೈಯನ್ನೇ ನೋಡುತ್ತಿದ್ದ ಎದುರುಮನೆಯ ಬೋಳುಗೈಯ ಅಜ್ಜಿ ಗದರುತ್ತಾರೆ: "ಲೇ ಮಂಗಳಿ, ಈಚ್ಗೂ ಬಾಮ್ಮಿ. ನಂಗೇನು ಕೈ ಇಲ್ವಾ?"

ಮಂಗಳಮ್ಮ ಪೆಟ್ಟಿಗೆಯನ್ನು ಮತ್ತೆ ಬಿಚ್ಚುತ್ತಾರೆ. "ಮೂವತ್ತೆಂಟೊರ್ಸ ಈ ಬೀದೀಲಿ ಓಡಾಡಿವ್ನಿ ಕಣ್ರೀ," ಎನ್ನುತ್ತ ಅಜ್ಜಿಯ ಮುಂಗೈ ಹಿಡಿಯುತ್ತಾರೆ. "ಈ ಬಾಗ್ಲಲ್ಲಿ ಇವತ್ತೇ ಬೋಣಿ."