ಹಿಡಿದ ಮೇಲಿನ ಆಟ ನೋಡುವ ಜಗದಾಂಬ

ಸೊರಬದ ಕಾಲೇಜು ಮೈದಾನದಲ್ಲಿ ಮಂಜು ಇನ್ನೂ ಕರಗಿಲ್ಲ. ರಾತ್ರಿಯೇ ಹಾಸಿಟ್ಟ ಕಬಡ್ಡಿ ಮ್ಯಾಟಿನ ಮೇಲೆ ಇಬ್ಬನಿ ಕೂತು ಕಾಲು ಜಾರುತ್ತಿದೆ. ಆಟಗಾರರು ಗೋಣಿಚೀಲ ತಂದು ಒರೆಸುತ್ತಿದ್ದಾರೆ. ಶಿಕಾರಿಪುರದಿಂದ ಮೊದಲ ಬಸ್ಸಿಗೆ ಬಂದಿಳಿದ ಜಗದಾಂಬ ಸೀರೆಯ ಮೇಲೆ ಗಂಡನ ಸ್ವೆಟರ್ ತೊಟ್ಟು, ಕಿವಿಗೆ ಸ್ಕಾರ್ಫ್ ಬಿಗಿದು, ಅಂಕಣದ ಹಿಂಬದಿಯ ಮೂಲೆಯಲ್ಲಿ ನೆಲಕ್ಕೇ ಕೂರುತ್ತಾರೆ. ಯಾರೋ ತಂದ ಕುರ್ಚಿಯನ್ನು ಬೇಡ ಎನ್ನುತ್ತಾರೆ. ಎತ್ತರದಲ್ಲಿ ಕೂತರೆ ಆಟಗಾರನ ಮುಖಕ್ಕೆ ಕಣ್ಣು ಹೋಗುತ್ತದೆ, ಅವರಿಗೆ ಬೇಕಾಗಿರುವುದು ಕಾಲು.

ಹೊಸಬಾಳೆಯ ಈಶ್ವರ್ ರೇಡ್‌ಗೆ ಹೋಗುತ್ತಾನೆ. ಬಿ.ಎ. ಕೊನೆಯ ವರ್ಷದ, ಉದ್ದ ತೋಳಿನ ಆಳು. ಎದುರಾಳಿಗಳ ಅಂಕಣದಲ್ಲಿ ಅತ್ತಿತ್ತ ಆಡಿ, ಇಬ್ಬರನ್ನು ಮುಟ್ಟಿ, ಗಾಳಿಯಂತೆ ವಾಪಸಾಗುತ್ತಾನೆ. ಕಾಂಪೌಂಡಿನ ಮೇಲೆ ಕೂತವರು ಶಿಳ್ಳೆ ಹಾಕುತ್ತಾರೆ. ಜಗದಾಂಬ ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಾರೆ. ಮುಂದಿನ ಸಲ ಎದುರು ತಂಡದ ಮೂಲೆಯವನೊಬ್ಬ ಈಶ್ವರನ ಪಾದದ ಗಂಟನ್ನು ಹಿಡಿದಾಗ ಮಾತ್ರ ಲೋಟ ಕೆಳಗಿಡುತ್ತಾರೆ. ಈಶ್ವರ್ ಬೀಳುತ್ತಾನೆ. ಮಧ್ಯದ ಗೆರೆ ಒಂದು ಮಾರು ದೂರವಿದೆ. ಅವನು ಕೈ ಚಾಚುವುದಿಲ್ಲ, ಅಂಪೈರ್ ಕಡೆ ನೋಡುತ್ತಾನೆ.

ಆಟ ಮುಗಿದ ಮೇಲೆ ಜಗದಾಂಬ ಅವನನ್ನು ನಲ್ಲಿಯ ಹತ್ತಿರ ಕರೆದು ಕೂರಿಸಿಕೊಳ್ಳುತ್ತಾರೆ.

"ಈ ವರ್ಷ ದೊಡ್ಡ ತಂಡಕ್ಕೆ ನಿನ್ ಹೆಸ್ರು ಕಳ್ಸಲ್ಲಪ್ಪ."

"ಅಕ್ಕಾರೆ, ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ನಂದೇ ಇತ್ತಲ್ಲ."

"ಇತ್ತು. ನಿನ್ನ ಹಿಡಿಯೋರು ಇಲ್ಲಿ ಕಡಿಮೆ, ಅದಕ್ಕಿತ್ತು. ಹಿಡಿದ ಕೂಡ್ಲೇ ಆಟ ಮುಗೀತು ಅಂತ ಬಿಟ್‌ಬಿಡ್ತೀಯ. ಅಲ್ಲಿ ದಿನಾ ಹಿಡೀತಾರೆ. ಮಳೆಗಾಲ ಮುಗಿಯೋವರೆಗೂ ಬರೀ ಹಿಡಿಸ್ಕೋ. ಹಿಡಿಸ್ಕೊಂಡು ಗೆರೆ ಮುಟ್ಟೋದು ಕಲಿ. ಆಮೇಲೆ ಮತ್ತೆ ಬಂದು ನೋಡ್ತೀನಿ."

ಈಶ್ವರ್ ಟವೆಲ್ ಹಿಂಡಿಕೊಂಡು, ಆಗಲಿ ಎಂದು ಎದ್ದು ಹೋಗುತ್ತಾನೆ.

ಶಿಕಾರಿಪುರದ ಜನಕ್ಕೆ ಜಗದಾಂಬ ಗೊತ್ತಿರುವುದು ಹಿಟ್ಟಿನ ಗಿರಣಿಯವರೆಂದು. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಗಂಡ ವೀರಬಸಪ್ಪನ ಜೊತೆ ಅಲ್ಲಿ ಜೋಳ, ಅಕ್ಕಿ, ರಾಗಿ ಬೀಸುತ್ತಾರೆ. ಬೆಳಗಿನ ಕಸುಬು ಹೆಚ್ಚಿನವರಿಗೆ ತಿಳಿಯದು. ಕಾಲೇಜು ತಂಡಗಳಲ್ಲಿ ಮಿಂಚುವ ರೇಡರ್‌ಗಳ ಪೈಕಿ ಯಾರು ವೃತ್ತಿಪರ ಕಬಡ್ಡಿಯಲ್ಲಿ ನಿಲ್ಲುತ್ತಾರೆ, ಯಾರು ಒಂದೇ ವರ್ಷಕ್ಕೆ ಮರಳಿ ಬರುತ್ತಾರೆ ಎಂದು ಅವರು ಮೊದಲೇ ನೋಡಿ ಹೇಳುತ್ತಾರೆ. ದೂರದ ಊರಿನ ತಂಡವೊಂದು ಆ ಮಾತನ್ನು ಕೇಳಿ ಆಟಗಾರರನ್ನು ಕರೆಸಿಕೊಳ್ಳುತ್ತದೆ. ಅವರ ವರದಿ ಫೋನಿನಲ್ಲಿ ಕಳಿಸುವ ಒಂದು ವಾಯ್ಸ್ ಮೆಸೇಜ್, ಅಷ್ಟೆ. ಹೆಸರು ಎಲ್ಲೂ ಬರುವುದಿಲ್ಲ.

ತವರು ತಾಳಗುಂದದ ಪಕ್ಕದ ಹಳ್ಳಿ. ಭತ್ತ ಕೊಯ್ದ ಗದ್ದೆಯಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದವರು ವಿಶ್ವವಿದ್ಯಾಲಯದ ತಂಡದವರೆಗೂ ಹೋದರು. ಆಡುತ್ತಿದ್ದದ್ದು ಎಡ ಮೂಲೆಯಲ್ಲಿ, ರೇಡರ್‌ನ ಕಾಲು ಹಿಡಿಯುವ ಜಾಗದಲ್ಲಿ. ಮದುವೆಯಾದ ಮೇಲೆ ಆಟ ನಿಂತಿತು. "ಯಾರೂ ಬಿಡಿಸ್ಲಿಲ್ಲ. ಗಿರಣಿ ಇತ್ತು, ಮಕ್ಕಳಾದ್ವು, ತಾನಾಗೇ ಬಿಡ್ತು" ಎನ್ನುತ್ತಾರೆ. ಎಷ್ಟೋ ವರ್ಷಗಳ ನಂತರ, ವಿಶ್ವವಿದ್ಯಾಲಯದ ತಂಡಕ್ಕೆ ಆಗ ತರಬೇತುದಾರರಾಗಿದ್ದ ವಸಂತ ಮೇಡಂ ಫೋನ್ ಮಾಡಿದರು. ಅವರು ವೃತ್ತಿಪರ ತಂಡವೊಂದಕ್ಕೆ ಹೊಸ ಆಟಗಾರರನ್ನು ಹುಡುಕುವ ಕೆಲಸಕ್ಕೆ ಸೇರಿದ್ದರು. ನಿಮ್ಮ ಕಡೆ ಯಾರಿದ್ದಾರೆ ಎಂದು ಕೇಳಿದರು. ಹೆಚ್ಚು ಪಾಯಿಂಟ್ ತಂದವನ ಹೆಸರನ್ನು ಜಗದಾಂಬ ಹೇಳಲಿಲ್ಲ, ಎರಡನೆಯವನದು ಹೇಳಿದರು. ಮೇಡಂ ಯಾಕೆ ಎಂದರು. ಆ ಯಾಕೆಗೆ ಉತ್ತರ ಕೊಡುವುದೇ ಮುಂದೆ ಕೆಲಸವಾಯಿತು.

"ಕಾಲೇಜಿನಾಗೆ ಯಾರ ಎದುರಿಗೆ ಪಾಯಿಂಟ್ ತಗಂಡ ಅಂತ ಮೊದ್ಲು ಕೇಳ್ಬೇಕ್ರೀ" ಎನ್ನುತ್ತಾರೆ. "ಮೂಲೆಯವನಿಗೆ ಹಿಡಿಯೋಕೆ ಬರದಿದ್ರೆ ರೇಡರ್ ದೊಡ್ಡವನಾಗಿ ಕಾಣ್ತಾನೆ. ಚಲೋ ರೇಡರ್‌ನ ಇಲ್ಲಿ ಯಾರೂ ಹಿಡಿಯಲ್ಲ. ಹಿಡಿದ ಮೇಲೆ ಅವನು ಏನ್ ಮಾಡ್ತಾನೆ ಅನ್ನೋದು ಅವನಿಗೂ ಗೊತ್ತಿರಲ್ಲ, ನಮಗೂ ಗೊತ್ತಾಗಲ್ಲ."

ಗೊತ್ತು ಮಾಡಿಕೊಳ್ಳಲು ಅವರು ಐದಾರು ವರ್ಷದ ಹಿಂದೆ ಒಂದು ಪಂದ್ಯ ಏರ್ಪಡಿಸಿದ್ದರು. ಆಗ ಎರಡು ತಾಲ್ಲೂಕಿನ ಬಾಯಲ್ಲೂ ಇದ್ದದ್ದು ಸಂಗಮೇಶ್ ಹೆಸರು. ಶಿಕಾರಿಪುರದ ಗೊಬ್ಬರದ ವ್ಯಾಪಾರಿ ಮಲ್ಲಿಕಾರ್ಜುನಪ್ಪನ ಮಗ, ಅಂತರ ಕಾಲೇಜು ಪಂದ್ಯಗಳಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಜಡೆ ಗ್ರಾಮದ ಶಿವರಾಮ ಸೊರಬದ ಕಾಲೇಜಿನಲ್ಲಿ ಆಡುತ್ತಿದ್ದ. ಕುಳ್ಳ, ಮಾತು ಕಡಿಮೆ, ಪತ್ರಿಕೆಯಲ್ಲಿ ಒಮ್ಮೆಯೂ ಫೋಟೋ ಬಂದವನಲ್ಲ. ಇಬ್ಬರನ್ನೂ ಜಗದಾಂಬ ಪೊಲೀಸ್ ತಂಡದಲ್ಲಿ ಆಡಿ ನಿವೃತ್ತರಾದ ಹಳಬರ ಎದುರು ಇಳಿಸಿದರು. ಆ ಹಳಬರಿಗೆ ಓಡಲು ಆಗುತ್ತಿರಲಿಲ್ಲ, ಆದರೆ ಹಿಡಿದರೆ ಬಿಡುತ್ತಿರಲಿಲ್ಲ. ಸಂಗಮೇಶ್ ಹಿಡಿಸಿಕೊಂಡಾಗಲೆಲ್ಲ ಎದ್ದು ಅಂಗಿ ಕೊಡವಿಕೊಂಡ. ಶಿವರಾಮ ಅವನಿಗಿಂತ ಹೆಚ್ಚು ಸಲ ಸಿಕ್ಕಿಬಿದ್ದ, ಆದರೆ ಪ್ರತಿಸಲವೂ ಮೇಲೆ ಬಿದ್ದವರನ್ನು ಎಳೆದುಕೊಂಡು ಗೆರೆಯತ್ತ ತೆವಳಿದ. ಕೆಲವು ಸಲ ಮುಟ್ಟಿದ, ಹಿಡಿದವರೆಲ್ಲ ಔಟಾದರು. ಜಗದಾಂಬ ಶಿವರಾಮನ ಹೆಸರು ಕಳಿಸಿದರು.

ವಾರ ಕಳೆಯುವುದರೊಳಗೆ ಮಲ್ಲಿಕಾರ್ಜುನಪ್ಪ ಗಿರಣಿಗೆ ಬಂದರು.

"ಏನಮ್ಮ ಜಗದಾಂಬ, ಊರ ಹುಡುಗನ್ನ ಬಿಟ್ಟು ಜಡೆಯವನನ್ನ ಆರಿಸಿದೀಯಂತೆ."

"ಹೌದ್ರಿ ಅಣ್ಣಾರೆ."

"ನಮ್ಮ ಹುಡುಗನಾಗೆ ಏನ್ ಕಡಿಮೆ ಐತೆ?"

ಜಗದಾಂಬ ಮೋಟಾರು ನಿಲ್ಲಿಸಿ, ಕಂಡದ್ದನ್ನು ಕಂಡಂತೆ ಹೇಳಿದರು. ಮಲ್ಲಿಕಾರ್ಜುನಪ್ಪ ಪೂರ್ತಿ ಕೇಳಿದರು, ಸಿಟ್ಟಾಗಲಿಲ್ಲ, ಹೋದರು. ಅಂದಿನಿಂದ ಅವರ ಮನೆಯ ಜೋಳ ಬೇರೆ ಗಿರಣಿಗೆ ಹೋಗುತ್ತಿದೆ. ಅವರ ನೆಂಟರ ಮನೆಗಳದ್ದೂ. ವೀರಬಸಪ್ಪ ಆ ತಿಂಗಳು ಗಿರಣಿಯ ಕಲ್ಲು ಕುಟ್ಟಿಸುವ ಖರ್ಚನ್ನು ಮುಂದಕ್ಕೆ ಹಾಕಿದರು.

ಶಿವರಾಮ ಮೊದಲ ವರ್ಷ ಬೆಂಚಿನಲ್ಲಿ ಕೂತ. ಎರಡನೆಯ ವರ್ಷ ಆಡಿದ, ಚೆನ್ನಾಗಿಯೇ ಆಡಿದ. ಜಡೆಯಲ್ಲಿ ಸಂಜೆ ಹೊತ್ತು ಅಂಗಡಿಯ ಟಿ.ವಿ. ಮುಂದೆ ಜನ ನಿಂತು ನೋಡಿದರು. ಸೀಸನ್ನಿನ ಕೊನೆಯ ಹೊತ್ತಿಗೆ ಒಂದು ರೇಡ್‌ನಲ್ಲಿ ಯಾರೂ ಮುಟ್ಟುವ ಮೊದಲೇ ಅವನ ಮಂಡಿ ತಿರುಚಿತು. ಜಗದಾಂಬ ಅದನ್ನು ಮನೆಯಲ್ಲಿ ನೋಡುತ್ತಿದ್ದರು. ಟಿ.ವಿ. ಆರಿಸಿದರು.

ಆಪರೇಷನ್ ಆಗಿ ಅವನು ಊರಿಗೆ ಬಂದ ಮೇಲೆ ಜಡೆಗೆ ಹೋದರು. ತಾಯಿ ಶೇಷಮ್ಮ ಕಾಫಿ ಕೊಟ್ಟರು. ಆ ಮಂಡಿ ಕಾಲೇಜಿನ ದಿನದಿಂದಲೂ ಊದುತ್ತಿತ್ತು ಎಂಬುದು ಆಗ ಗೊತ್ತಾಯಿತು. ಬಹುಮಾನದ ಆಸೆಗೆ ಸುತ್ತಲಿನ ಹಳ್ಳಿಗಳ ಗಟ್ಟಿ ನೆಲದ ಮೇಲೆಲ್ಲ ಆಡುತ್ತಿದ್ದನಂತೆ. ಮನೆಗೆ ಬಂದರೆ ತಾಯಿ ಬಿಸಿ ಉಪ್ಪಿನ ಗಂಟು ಕಟ್ಟಿ ಶಾಖ ಕೊಡುತ್ತಿದ್ದರಂತೆ.

"ಇದನ್ನ ಯಾಕೆ ಮೊದ್ಲೇ ಹೇಳ್ಲಿಲ್ಲ ಶೇಷಮ್ಮ?"

"ಎಂತ ಹೇಳದು ಅಮ್ಮ. ನೀವು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ಹೇಳಿದ್ರೆ ಬೇಡ ಅಂತಿದ್ರಿ ಅಲ್ದಾ?"

"ಅಂತಿದ್ದೆ."

"ಅದಕ್ಕೇ."

ಜಗದಾಂಬ ವಸಂತ ಮೇಡಂಗೆ ಫೋನ್ ಮಾಡಿ ಈ ಕೆಲಸ ಸಾಕು ಎಂದರು. ನೀನು ಹೇಳಿದ್ದು ಸುಳ್ಳಾಗಲಿಲ್ಲವಲ್ಲ, ಅವನು ಆಡಿದನಲ್ಲ ಎಂದು ಮೇಡಂ ಸಮಾಧಾನ ಹೇಳಿದರು. "ನಾನು ಆಟ ನೋಡ್ದೆ ಮೇಡಂ, ಮಂಡಿ ನೋಡ್ಲಿಲ್ಲ" ಎಂದರು ಜಗದಾಂಬ. ಒಂದು ವರ್ಷ ಯಾವ ಮೈದಾನಕ್ಕೂ ಹೋಗಲಿಲ್ಲ.

ಆ ವರ್ಷವೇ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಸಂಗಮೇಶ್ ಸಿಕ್ಕ. ಬೇರೊಂದು ತಂಡ ಅವನನ್ನು ತೆಗೆದುಕೊಂಡಿತ್ತು. ಕೆಲವೇ ರೇಡ್‌ಗಳಲ್ಲಿ ಎದುರಾಳಿಗಳಿಗೆ ಅವನ ಲೆಕ್ಕ ಸಿಕ್ಕಿತು, ಮುಂದಿನ ಸೀಸನ್ನಿಗೆ ಕರೆ ಬರಲಿಲ್ಲ. ಈಗ ಅಪ್ಪನ ಅಂಗಡಿಯಲ್ಲಿದ್ದ. ತಾವು ಹೇಳಿದ್ದು ನಿಜವಾದದ್ದು ಜಗದಾಂಬ ಅವರಿಗೆ ಖುಷಿಯ ಸಂಗತಿಯಾಗಿ ಕಾಣಲಿಲ್ಲ, ಹಾಗೆಂದು ಮುಖ ತಪ್ಪಿಸಿಯೂ ಹೋಗಲಿಲ್ಲ. ಅವನೇ ಹತ್ತಿರ ಬಂದ.

"ಅಕ್ಕಾರೆ, ಒಂದ್ ಮಾತು ಕೇಳ್ಲೇನ್ರಿ? ಹಿಡಿದ ಮೇಲೆ ಆಟ ಬಿಡ್ತಾನೆ ಅಂತ ಅಪ್ಪಂಗೆ ಹೇಳಿದ್ರಲ್ಲ. ಅಪ್ಪ ನನಗೆ ಹೇಳ್ಲೇ ಇಲ್ಲ. ಅವಮಾನ ಆಗ್ತೈತೆ ಅಂತ ಮುಚ್ಚಿಟ್ರು. ಅಲ್ಲಿ ಕೋಚು ಹೇಳಿದಾಗ್ಲೇ ನನಗೆ ಗೊತ್ತಾಗಿದ್ದು. ಅವತ್ತು ನನಗೇ ಹೇಳಿದ್ರೆ ಆಗ್ತಿತ್ತಲ್ಲ."

ಬಸ್ಸು ಬಂತು, ಜಗದಾಂಬ ಹತ್ತಲಿಲ್ಲ. ಇಬ್ಬರೂ ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿದರು. ಹಿಡಿಸಿಕೊಂಡವನು ಸೊಂಟ ತಗ್ಗಿಸಿ ಯಾವ ಕಡೆ ಹೊರಳಬೇಕು ಎಂದು ಅವರು ಟೇಬಲ್ಲಿನ ಮೇಲೆ ಎರಡು ಕೈ ಇಟ್ಟು ತೋರಿಸಿದರು. ಅವನು ನೋಡಿಕೊಂಡ. ಈಗ ಅವನು ಬಳ್ಳಾರಿ ಕಡೆಯ ಕಾರ್ಖಾನೆಯೊಂದರ ತಂಡದಲ್ಲಿ ಆಡುತ್ತಿದ್ದಾನೆ, ಅಲ್ಲೇ ನೌಕರಿಯೂ ಆಗಿದೆ.

ಮರುವರ್ಷ ಜಗದಾಂಬ ಮತ್ತೆ ಹೊರಟರು. ರೀತಿ ಮಾತ್ರ ಬದಲಾಯಿತು. ಆಟಗಾರನ ಹೆಸರು ಕಳಿಸುವ ಮುಂಚೆ ಅವನ ಮನೆಗೆ ಹೋಗುತ್ತಾರೆ. ಅವನ ಮಾತಿಗಿಂತ ಮನೆಯವರ ಮಾತು ಹೆಚ್ಚು ಕೇಳುತ್ತಾರೆ. ಮೆಟ್ಟಿಲು ಹತ್ತುವಾಗ ಕೈ ಊರುತ್ತಾನೆಯೇ, ಮಲಗುವಾಗ ಕಾಲಿನ ಕೆಳಗೆ ದಿಂಬು ಇಡುತ್ತಾನೆಯೇ, ಊರೂರಿನ ಪಂದ್ಯಕ್ಕೆ ಎಷ್ಟು ಹೋಗುತ್ತಾನೆ ಎಂದು ವಿಚಾರಿಸುತ್ತಾರೆ. "ಮೊದ್ಲೇ ಸವೆಸ್ಕೊಂಡು ಬಂದ ಕಾಲು ಕಾಲೇಜಿನಾಗೆ ಓಡ್ತೈತೆ. ಅಲ್ಲಿಗೆ ಹೋದ್ ಮೇಲೆ ಓಡಲ್ಲ" ಎನ್ನುತ್ತಾರೆ. ಬೇಡ ಎಂದು ತೀರ್ಮಾನಿಸಿದರೆ ಅದನ್ನು ಆಟಗಾರನಿಗೇ ಎದುರು ಕೂರಿಸಿ, ಕಾರಣದ ಸಮೇತ ಹೇಳುತ್ತಾರೆ. ತಂಡದವರಿಗೆ ಇದು ಇಷ್ಟವಿಲ್ಲ. ಒಳಗಿನ ಮಾತು ಹೊರಗೆ ಹೋಗಬಾರದು ಎಂದು ಒಮ್ಮೆ ಹೇಳಿಯೂ ಇದ್ದಾರೆ. "ಹಂಗಾದ್ರೆ ಬೇರೆಯವರನ್ನ ನೋಡ್ಕೊಳ್ರಿ ಅಂದೆ. ನೋಡ್ಕೊಳ್ಲಿಲ್ಲ."

ಶಿವರಾಮ ಇನ್ನು ರೇಡ್ ಮಾಡಲಾರ. ಜಗದಾಂಬ ಕಾಲೇಜಿನವರ ಹತ್ತಿರ ಮಾತಾಡಿ ಅವನನ್ನು ಸೊರಬದ ಹುಡುಗರಿಗೆ ಹಿಡಿಯುವುದನ್ನು ಕಲಿಸಲು ಇರಿಸಿದ್ದಾರೆ. ರೇಡರ್‌ಗೆ ಎಲ್ಲಿ ಹಿಡಿದರೆ ಕಷ್ಟ ಎಂಬುದು ರೇಡರ್ ಆಗಿದ್ದವನಿಗಲ್ಲದೆ ಇನ್ಯಾರಿಗೆ ಗೊತ್ತು. ಈ ಭಾಗದ ಮೂಲೆಯವರು ಈಗ ಮೊದಲಿನಷ್ಟು ಸಡಿಲ ಇಲ್ಲ ಎಂದು ಹೊರಗಿನ ತಂಡಗಳವರು ಗೊಣಗುತ್ತಾರೆ. ನಿಮ್ಮ ಕೆಲಸ ಈಗ ಸುಲಭವಾಯಿತಲ್ಲ ಎಂದರೆ ಜಗದಾಂಬ ತಲೆ ಅಲ್ಲಾಡಿಸುತ್ತಾರೆ. ಹೋದ ವರ್ಷ ಹೂಂ ಎಂದು ಕಳಿಸಿದ ಒಬ್ಬ ಊಟ ಸೇರದೆ, ಭಾಷೆ ಬರದೆ, ತಿಂಗಳೊಳಗೆ ಗಂಟುಮೂಟೆ ಕಟ್ಟಿ ಬಂದ. ಅದನ್ನು ಯಾವ ಮೂಲೆಯಲ್ಲಿ ಕೂತು ನೋಡಿದರೆ ಕಾಣುತ್ತದೆ ಎಂದು ಅವರಿಗೆ ಇನ್ನೂ ತಿಳಿದಿಲ್ಲ.

ಹೊತ್ತೇರಿದೆ. ಶಿಕಾರಿಪುರದ ಬಸ್ಸಿಗೆ ಕಾಯುತ್ತಾ ನಿಂತಾಗ ಫೋನ್ ರಿಂಗಾಗುತ್ತದೆ. ಆ ಕಡೆ ಇರುವವನು ಹಿಂದೊಮ್ಮೆ ಅವರು ಬೇಡ ಎಂದಿದ್ದ ಹುಡುಗ, ಈಗ ಹಾನಗಲ್ ಕಡೆ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ತನ್ನ ಶಾಲೆಯ ತಂಡ ಗೆದ್ದದ್ದನ್ನು ಹೇಳುತ್ತಾನೆ. ಜಗದಾಂಬ ಎಲ್ಲ ಕೇಳಿ, ಮೂಲೆಯಲ್ಲಿ ಯಾರನ್ನು ಆಡಿಸಿದೆ ಎಂದು ವಿಚಾರಿಸಿ, ಫೋನ್ ಇಡುತ್ತಾರೆ.

"ಹೂಂ ಅನ್ನಿಸ್ಕೊಂಡು ಹೋದೋರು ದೊಡ್ಡೋರಾಗ್ತಾರೆ, ಅವರಿಗೆ ಪುರುಸೊತ್ತಿರಲ್ಲ ಬಿಡ್ರಿ" ಎನ್ನುತ್ತಾರೆ. "ಬೇಡ ಅನ್ನಿಸ್ಕೊಂಡೋರು ಇವತ್ತಿಗೂ ಮಾತಾಡಿಸ್ತಾರೆ. ನನಗೆ ಅದೇ ದೊಡ್ಡದು."