ಪೂಜೆಗೆ ಇಟ್ಟ ಹಾರ್ಡ್ ಡಿಸ್ಕ್

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ನಾನು ಅಂಗಡಿಯವಳ ಮೇಲೆ ಹಾರಾಡುತ್ತೇನೆ, ಗೆಳೆಯನಿಗೆ ಬೈಯುತ್ತೇನೆ, ಹೆಂಡತಿಗೆ ಬೈಯುತ್ತೇನೆ, ಒಂದು ಲ್ಯಾಪ್‌ಟಾಪಿಗೂ ಬೈಯುತ್ತೇನೆ. ಜರ್ಮನಿಯ ವೋಲ್ಫ್ಸ್‌ಬುರ್ಗ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ಕಾರಿನ ಬ್ರೇಕು ಪರೀಕ್ಷೆ ಮಾಡುವ ಕೆಲಸ ನನ್ನದು. ಅಲ್ಲಿ ಏನಾದರೂ ಕೆಟ್ಟರೆ ತಣ್ಣಗೆ ಕೂತು ಒಂದೊಂದೇ ಕಾರಣವನ್ನು ತೆಗೆದುಹಾಕುತ್ತ ಹೋಗುತ್ತೇನೆ. ಮನೆಗೆ ಬಂದರೆ ಆ ತಾಳ್ಮೆ ಎಲ್ಲಿ ಹಾಳಾಗಿ ಹೋಗುತ್ತದೋ ದೇವರೇ ಬಲ್ಲ.

ಶುರುವಾದದ್ದು ಅವ್ವನ ಫೋನಿನಿಂದ. ಅವ್ವ ಬಾಗಲಕೋಟೆಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಪ್ರತಿ ಭಾನುವಾರ ವಿಡಿಯೋ ಕಾಲ್. ಹದಿಮೂರು ವರ್ಷದ ನನ್ನ ಮಗಳು ಪರದೆಯ ಮುಂದೆ ಬಂದು, "ಆರಾಮ ಅಜ್ಜಿ, ಊಟಾ ಆತು" ಎಂಬ ಎರಡು ಮಾತು ಒಪ್ಪಿಸಿ ಮಾಯವಾಗುತ್ತಾಳೆ. ಅವಳ ಕನ್ನಡ ಅಷ್ಟೇ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳ ಉತ್ತರ ಜರ್ಮನ್‌ನಲ್ಲಿ. ನಾನೇ ಜರ್ಮನ್ ಮಾತಾಡಲು ಹೋದರೆ ವಾಕ್ಯಕ್ಕೊಂದು ತಪ್ಪು ಹಿಡಿದು ತಿದ್ದುತ್ತಾಳೆ. ಮನೆಗೆ ಬಂದವರ ಮುಂದೆ ಮಾತ್ರ ನಾನು ಮತ್ತು ನನ್ನ ಹೆಂಡತಿ, "ಎಲ್ಲಾ ತಿಳೀತೈತ್ರಿ ಆಕಿಗೆ, ಮಾತಾಡಾಕ ನಾಚತಾಳ" ಎಂದು ಹೇಳುತ್ತ ಬಂದಿದ್ದೇವೆ. ಹೇಳಿ ಹೇಳಿ ನಮಗೇ ಅದರ ಮೇಲೆ ನಂಬಿಕೆ ಬಂದುಬಿಟ್ಟಿತ್ತು.

ಆದರೆ ಇದೇ ಹುಡುಗಿ ಎರಡರಿಂದ ಐದನೇ ವಯಸ್ಸಿನವರೆಗೆ ಅಪ್ಪಟ ಬಾಗಲಕೋಟೆಯ ಕನ್ನಡ ಆಡುತ್ತಿದ್ದಳು ಎಂದರೆ ಯಾರೂ ನಂಬುವುದಿಲ್ಲ. ಅವ್ವ ಆಗ ಎರಡು ಸಲ ಮೂರು ಮೂರು ತಿಂಗಳ ವೀಸಾದ ಮೇಲೆ ಬಂದಿದ್ದಳು. ಅಜ್ಜಿ ಮೊಮ್ಮಗಳು ಬಾಲ್ಕನಿಯಲ್ಲಿ ಕೂತು ದಿನವಿಡೀ ಜಗಳ, ಕತೆ, ಒಗಟು. ನಾನು ಎಲ್ಲವನ್ನೂ ವಿಡಿಯೋ ಮಾಡಿಕೊಂಡಿದ್ದೆ. ಅವಷ್ಟೂ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿದ್ದವು, ಬೇರೆ ಎಲ್ಲಿಯೂ ಇರಲಿಲ್ಲ.

"ಕೂಸು ಮಾತಾಡಿದ್ದ ವಿಡಿಯೋ ಅದಾವೇನೋ ತಮ್ಮಾ?" ಎಂದಳು ಅವ್ವ ಒಂದು ಭಾನುವಾರ. "ಈಗಂತೂ ನನ್ನ ಕೂಡ ಮಾತ ಆಡೂದಿಲ್ಲ. ಆವಾಗಿಂದರ ಒಮ್ಮೆ ಕೇಳಬೇಕು ಅನಿಸೇತಿ."

ಹಳೆಯ ಲ್ಯಾಪ್‌ಟಾಪು ಆಗಲೇ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು, ಇವತ್ತೋ ನಾಳೆಯೋ ಎನ್ನುವಂತಿತ್ತು. ಎಲ್ಲವನ್ನೂ ಒಂದು ಗಟ್ಟಿ ಜಾಗಕ್ಕೆ ಹಾಕಿ, ಅಲ್ಲಿಂದ ಅವ್ವನಿಗೆ ಕಳಿಸೋಣ ಎಂದು ಹೊಸ ಹಾರ್ಡ್ ಡಿಸ್ಕ್ ತಂದೆ. ಅವ್ವನಿಗೆ ತೋರಿಸಿದರೆ ಅವಳದೊಂದು ಅಪ್ಪಣೆ: "ಹೊಸಾದು ತಂದಿ ಅಂದ್ರ ಖಂಡೇ ಪೂಜಿಗೆ ಇಟ್ಟು ಆಮ್ಯಾಲ ಬಳಸು. ನಾಕ ದಿನಾ ತಡಕೋ." ಆಯುಧಪೂಜೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾನು ಹೂಂ ಎಂದೆ.

ಆ ವರ್ಷ ಪೂಜೆ ಬುಧವಾರ ಬಂದಿತ್ತು. ಇಲ್ಲಿ ಅದಕ್ಕೆಲ್ಲಿಯ ರಜೆ? ಹೆಂಡತಿ ತನ್ನ ಆಫೀಸಿಗೆ ರಜೆ ಹಾಕಿದಳು, ನಾನು ಮನೆಯಿಂದಲೇ ಕೆಲಸ ಎಂದೆ. ಬೆಳಿಗ್ಗೆ ಅವಳಿಗೆ, "ಹೊಸಾದು ಏನೇನ ಐತಿ ಎಲ್ಲಾ ಪೂಜಾಕ್ಕ ಇಡು" ಎಂದು ದೊಡ್ಡ ಯಜಮಾನನ ಹಾಗೆ ಹೇಳಿದವನು ನಾನೇ. ಹೇಳಿದ ಮೇಲೆ ಸುಮ್ಮನಿರಬೇಕಲ್ಲ? ಮೀಟಿಂಗ್ ಮುಗಿಯುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತದೆ ಎಂದುಕೊಂಡು, ಹಾಲ್‌ನಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಸಿಕ್ಕಿಸಿ, ವಿಡಿಯೋಗಳನ್ನೆಲ್ಲ ಅದಕ್ಕೆ ಸಾಗಿಸಲು ಹಚ್ಚಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮೀಟಿಂಗಿಗೆ ಕೂತೆ.

ಇನ್ನೊಂದು ಘನಕಾರ್ಯವನ್ನೂ ಮಾಡಿದ್ದೆ. ಕಾಪಿ ಮಾಡುವ ಬದಲು ಕಟ್ ಮಾಡಿದ್ದೆ. ಅಂದರೆ ಒಂದೊಂದು ವಿಡಿಯೋ ಹೊಸ ಕಡೆ ಹೋದ ಹಾಗೆ ಹಳೆಯ ಕಡೆಯದು ಅಳಿಸಿಹೋಗುತ್ತದೆ. ಯಾಕೆ ಹಾಗೆ ಮಾಡಿದೆ? ಒಂದೇ ಸಾಮಾನು ಮನೆಯಲ್ಲಿ ಎರಡು ಕಡೆ ಬಿದ್ದಿದ್ದರೆ ನನಗೆ ಆಗುವುದಿಲ್ಲ. ಅಚ್ಚುಕಟ್ಟಿನ ಮನುಷ್ಯ ನಾನು. ನನ್ನ ಅಚ್ಚುಕಟ್ಟಿಗೆ ಬೆಂಕಿ ಬಿತ್ತು.

ಮೀಟಿಂಗ್ ಎಳೆದೇ ಎಳೆಯಿತು. ಹನ್ನೆರಡಕ್ಕೆ ರಾಹುಕಾಲ ಎಂದು ಹೆಂಡತಿ ಕಾಯದೆ ಪೂಜೆ ಮುಗಿಸಿದಳು. ಬಾಗಿಲು ಸರಿಸಿ ಹಣೆಗೆ ಕುಂಕುಮ ಇಟ್ಟು, ಕೈಗೆ ಕೊಬ್ಬರಿ ಚೂರು ಕೊಟ್ಟು ಹೋದಳು. ಒಂದು ಗಂಟೆಗೆ ನಾನು ಹೊರಗೆ ಬಂದಾಗ ಡ್ರಿಲ್ಲು, ಮಿಕ್ಸರು, ಸ್ಕ್ರೂಡ್ರೈವರುಗಳೆಲ್ಲ ಸೇವಂತಿಗೆ ಹೊತ್ತು ಕೂತಿದ್ದವು. ಕರ್ಪೂರಕ್ಕೆ ಕೂಗಿಕೊಳ್ಳದಿರಲಿ ಎಂದು ಬಿಚ್ಚಿಟ್ಟಿದ್ದ ಹೊಗೆಯ ಅಲಾರಂ ಇನ್ನೂ ಸೋಫಾದ ಮೇಲೇ ಇತ್ತು. ಹಾರ್ಡ್ ಡಿಸ್ಕ್ ನಾನು ಇಟ್ಟಲ್ಲೇ, ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಹಾಗೇ ಇತ್ತು. ಪರದೆ ಮುಟ್ಟಿ ಎಬ್ಬಿಸಿದೆ. 'ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು. ಮಾಡಲೇ?' ಎಂದು ಅದು ಕೇಳಿತು.

ಮಾಡ್ತೀಯಾ? ಮಾಡು ಬಾ, ನಿನ್ನ ಮುಕಳಿಗೆ ಒದೀತೀನಿ, ಎಂದೆ. ಜೋರಾಗಿಯೇ ಅಂದೆ.

ಕೇಬಲ್ ಬದಲಿಸಿದೆ. ಸಿಕ್ಕಿಸುವ ತೂತು ಬದಲಿಸಿದೆ. ಹೆಂಡತಿಯ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಪಾಪದ ರೌಟರನ್ನೂ ಒಮ್ಮೆ ಆರಿಸಿ ಹಚ್ಚಿದೆ. ಎಲ್ಲಿ ಹಾಕಿದರೂ ಅದೇ ಪ್ರಶ್ನೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಏನು ಉಳಿದಿದೆ ನೋಡಿದೆ. ಅದು ಹಳೆಯ ವರ್ಷಗಳಿಂದ ಶುರುಮಾಡಿ ಸಾಗಿಸುತ್ತ ಬಂದಿತ್ತು. ಶಾಲೆಯ ಕಾರ್ಯಕ್ರಮ, ಸ್ಕೀಯಿಂಗ್, ಮಗಳು ಜರ್ಮನ್ ಹಾಡು ಹೇಳಿದ್ದು, ಎಲ್ಲ ಇದ್ದವು. ಹೋದದ್ದು ಸರಿಯಾಗಿ ಆ ಮೂರು ವರ್ಷ.

"ಇದಕ್ಕ ಏನರ ಮಾಡಿದಿಯೇನ ನೀ?" ಎಂದು ಹೆಂಡತಿಯನ್ನು ಕೇಳಿದೆ.

"ನಾ ಯಾಕ ಏನ ಮಾಡ್ಲಿರಿ? ಪೂಜಿ ಬಿಟ್ಟು ಏನೂ ಮಾಡಿಲ್ಲ."

ಸರಿ, ಅವಳು ಏನೂ ಮಾಡಿಲ್ಲ ಎಂದು ಆ ಕಾರಣವನ್ನು ಪಟ್ಟಿಯಿಂದ ತೆಗೆದುಹಾಕಿದೆ. ಬ್ರೇಕಿನ ಎಂಜಿನಿಯರ್ ನಾನು!

ಮ್ಯಾನ್‌ಹೈಮ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮೈಸೂರಿನ ಗೆಳೆಯನಿಗೆ ಫೋನ್ ಹಚ್ಚಿದೆ.

"ಫಾರ್ಮ್ಯಾಟ್ ಮಾತ್ರ ಕೊಡ್ಬೇಡ ಗುರು," ಎಂದ ಅವನು. "ಅದರ ಮೇಲೆ ಏನೂ ಬರೀಬೇಡ, ಬಿಚ್ಚಿಟ್ಬಿಡು. ಅಲ್ಲಾ, ಬ್ಯಾಕಪ್ ಇಲ್ವಾ?"

"ಇದ ಬ್ಯಾಕಪ್ಪೋ ಮಾರಾಯಾ!"

"ಮತ್ತೆ ಒರಿಜಿನಲ್ಲು? ಕಾಪಿ ತಾನೇ ಮಾಡಿದ್ದು? ಕಟ್ ಏನಾದ್ರೂ ಮಾಡಿದ್ಯಾ?"

ಡಿಸ್ಕೇ ಕಳಪೆ ಇರಬೇಕು ಎಂದು ಮಾತು ತಿರುಗಿಸಿದೆ. ಅವನು ನಕ್ಕ. ಅವನ ವಂಶಕ್ಕೆಲ್ಲ ಒಂದು ಸುತ್ತು ಬೈದು ಫೋನ್ ಇಟ್ಟೆ.

ಗುರುವಾರ ಡಿಸ್ಕ್ ಕೊಂಡ ಅಂಗಡಿಗೆ ಹೋದೆ. ದೂರಿನ ಕೌಂಟರಿನಲ್ಲಿದ್ದ ಹೆಣ್ಣುಮಗಳು ನಗುನಗುತ್ತಲೇ ರಸೀದಿ ನೋಡಿ, "ಗ್ಯಾರಂಟಿ ಇದೆ, ಈಗಲೇ ಹೊಸದು ಕೊಡುತ್ತೇನೆ" ಎಂದಳು. ನನಗೆ ಹೊಸದು ಬೇಡ, ಇದರೊಳಗೆ ಇದ್ದದ್ದು ಬೇಕು ಎಂದೆ. ಒಳಗಿರುವುದಕ್ಕೆ ನಾವು ಹೊಣೆಯಲ್ಲ ಎಂದಳು. ಹೋಗಲಿ, ಈ ಡಿಸ್ಕನ್ನು ನಿಮಗೆ ಕೊಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವಳು ನನ್ನನ್ನು ಸಮಾಧಾನ ಮಾಡುವವಳಂತೆ, "ಏನೂ ಚಿಂತೆ ಬೇಡ, ಡಾಟೆನ್‌ಶುಟ್ಸ್ ಇದೆ, ಅದನ್ನು ಪುಡಿಪುಡಿ ಮಾಡುತ್ತೇವೆ, ನಿಮ್ಮ ಖಾಸಗಿ ಮಾಹಿತಿ ಯಾರಿಗೂ ಸಿಗುವುದಿಲ್ಲ" ಎಂದಳು. ಮಾಹಿತಿ ಕಾಯುವ ಈ ದೇಶದ ಕಾನೂನಿನ ಮೇಲೆ ನನಗೆ ಬಹಳ ಗೌರವವಿದೆ. ಆದರೆ ಆ ಗಳಿಗೆಯಲ್ಲಿ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ನನಗೇ ಸಿಗುತ್ತಿಲ್ಲವಲ್ಲ ತಾಯಿ ಎಂದು ದನಿ ಏರಿಸಿದೆ. ಅದೂ ಕನ್ನಡದಲ್ಲಿ. ಹಿಂದೆ ನಿಂತ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಅವಳು ಮಾತ್ರ ನಗು ಬಿಡದೆ, ನಾಳೆಯ ರಜೆ ಸುಖವಾಗಿ ಕಳೆಯಲಿ ಎಂದು ಹಾರೈಸಿದಳು.

ಹೌದು, ಮರುದಿನ ದೇಶಕ್ಕೆಲ್ಲ ರಜೆ. ಎಲ್ಲ ಅಂಗಡಿ ಬಂದ್. ದಿನವಿಡೀ ಮನೆಯಲ್ಲಿ ಒದರಾಡಿದೆ. "ಸಣ್ಣಗ ಮಾತಾಡ್ರಿ, ರಜಾ ದಿನಾ ಐತಿ, ಕೆಳಗಿನವರು ಮ್ಯಾಲ ಬರ್ತಾರ" ಎಂದು ಹೆಂಡತಿ ಕಿಟಕಿ ಮುಚ್ಚಿದಳು. ಮಗಳು ಮೊಬೈಲಿನಿಂದ ತಲೆಯೆತ್ತಿ ಜರ್ಮನ್‌ನಲ್ಲಿ, "ಪಾಪಾ, ಬರೀ ವಿಡಿಯೋ ತಾನೇ ಹೋದದ್ದು" ಎಂದಳು. ಅವಳಿಗೆ ಏನು ಹೇಳುವುದು? ನೀನು ಕನ್ನಡ ಆಡುತ್ತಿದ್ದೆ ಎನ್ನುವುದಕ್ಕೆ ಲೋಕದಲ್ಲಿ ಅದೊಂದೇ ಸಾಕ್ಷಿ ಕಣೇ ಎನ್ನಲೇ? ಭಾನುವಾರ ಅಜ್ಜಿಗೆ ಯಾವ ಮುಖ ತೋರಿಸಲಿ ಎನ್ನಲೇ? ಬಾಲ್ಕನಿಗೆ ಹೋಗಿ ನಿಂತೆ. ನಿಜ ಹೇಳುತ್ತೇನೆ, ಅಳು ಬಂತು.

ಶನಿವಾರ ಗೆಳೆಯನೇ ಹುಡುಕಿ ಕೊಟ್ಟ ಒಂದು ಸಣ್ಣ ರಿಪೇರಿ ಅಂಗಡಿಗೆ ಹೋದೆ. ಅಲ್ಲಿ ಅರವತ್ತು ದಾಟಿದ ಒಬ್ಬ ಜರ್ಮನ್ ಕೂತಿದ್ದ. ನನ್ನ ಕತೆಯನ್ನೆಲ್ಲ ಕೇಳಿ, ಡಿಸ್ಕಿನಲ್ಲಿ ಕೇಬಲ್ ಸಿಕ್ಕಿಸುವ ತೂತನ್ನು ಭೂತಗನ್ನಡಿ ಹಿಡಿದು ನೋಡಿದ. ಸಣ್ಣ ಬ್ರಶ್ಶಿನಿಂದ ಕೆದಕಿದ. ಬಿಳಿ ಕಾಗದದ ಮೇಲೆ ಒಂದಿಷ್ಟು ಕೆಂಪು ಪುಡಿ ಉದುರಿತು.

"ಹೊಸ ಡಿಸ್ಕ್ ಅಂತೀರಿ. ಇದು ತುಕ್ಕೇ?" ಎಂದು ಕಾಗದವನ್ನು ನನ್ನ ಕಡೆ ತಳ್ಳಿದ.

ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು. ನನ್ನ ಹಣೆಗಿಟ್ಟ ಅದೇ ಕುಂಕುಮ.

ಈಗ ಅದನ್ನು ಜರ್ಮನ್‌ನಲ್ಲಿ ಹೇಳಬೇಕಲ್ಲ! ವರ್ಷಕ್ಕೊಮ್ಮೆ ನಮ್ಮಲ್ಲಿ ಉಪಕರಣಗಳ ಹಬ್ಬವಿದೆ, ಆ ದಿನ ಅವಕ್ಕೆ ಕೆಲಸ ಕೊಡುವುದಿಲ್ಲ, ಹೂವು ಬಣ್ಣ ಏರಿಸಿ ನಮಸ್ಕಾರ ಮಾಡುತ್ತೇವೆ, ಎಂದು ತಡವರಿಸಿದೆ. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಅಂದರೆ ಅದು ಬರೆಯುತ್ತಿರುವಾಗಲೇ ಯಾರೋ ಕೇಬಲ್ ಕಿತ್ತಿದ್ದಾರೆ. ಕೃತಜ್ಞತೆ ಹೇಳುವುದಕ್ಕೆ."

"ಹೌದು."

"ಒಳ್ಳೆಯ ಹಬ್ಬ," ಎಂದ. "ಕೆಲಸ ಕೊಡದ ದಿನ ಕೆಲಸ ಕೊಟ್ಟವರು ಯಾರು?"

ಡಿಸ್ಕ್ ಅವನಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಬರುವಾಗ ಅವನಿಗೆ ಬೈಯಲು ಒಂದು ಮಾತೂ ಹೊಳೆಯಲಿಲ್ಲ. ಅದರ ಬಡ್ಡಿಯನ್ನೆಲ್ಲ ಸೇರಿಸಿ ಹೆಂಡತಿಯ ಮೇಲೆ ತೀರಿಸಿದೆ.

"ಏನೂ ಮಾಡಿಲ್ಲ ಅಂದಿದ್ದೆಲ್ಲಾ! ಕಿತ್ತಿದ್ದು ಯಾಕ ಹೇಳಲಿಲ್ಲ?"

"ಪೂಜಿ ಮಾಡೀನಿ ಅಂತ ಹೇಳೀನಲ್ರಿ!" ಎಂದಳು ಅವಳು. "ಪೂಜಾಕ್ಕ ಇಡಬೇಕಂದ್ರ ಕೇಬಲ್ ಸಮೇತ ಇಡಾಕ ಬರ್ತೈತೇನು? ತೆಗದು ಇಟ್ಟೆ, ಪೂಜಿ ಆದ ಮ್ಯಾಲ ಒರಿಸಿ ಹೆಂಗಿತ್ತೋ ಹಂಗ ಚುಚ್ಚೀನಿ. ಎಲ್ಲಾ ಹೊಸಾದು ಇಡು ಅಂದವರು ಯಾರು? ಒಳಗ ಕೆಲಸಾ ನಡದೈತಿ ಅಂತ ಒಂದು ಮಾತು ಹೇಳಬೇಕಿಲ್ಲೇನು?"

"ಆ ಮೂರು ವರ್ಷ ಹೋತಲ್ಲ, ಕೂಸಿನ ಕನ್ನಡಾ ಹೋತಲ್ಲ!"

ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಕನ್ನಡಾ ನಾ ಕಳದೆನೇನು? ಸಾಲಿಗೆ ಹಚ್ಚೂ ಮುಂದ, ಆಕಿ ಹಿಂದ ಬೀಳ್ತಾಳ, ಎರಡು ವರ್ಷ ಮನ್ಯಾಗ ಬರೇ ಜರ್ಮನ್ ಮಾತಾಡೂಣು ಅಂದವರು ಯಾರು? ನಾನಾ? ನಿಮ್ಮ ಅವ್ವನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗಾಯಿತು ನನಗೆ. ಆ ಎರಡು ವರ್ಷ ಏಳಾದದ್ದು ನನಗೆ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು, ಇಲ್ಲದ ಹಾಲು ತರುತ್ತೇನೆಂದು ಹೊರಗೆ ಹೋದೆ.

ಅವ್ವನಿಗೆ "ಕಳಸ್ತೀನಿ, ತಡಿಯವ್ವಾ" ಎನ್ನುತ್ತಲೇ ಎರಡು ಭಾನುವಾರ ದಾಟಿಸಿದೆ. ಹತ್ತು ದಿನಕ್ಕೆ ರಿಪೇರಿಯವನ ಫೋನ್ ಬಂತು. ವಿಡಿಯೋಗಳು ಬಹುತೇಕ ಸಿಕ್ಕಿವೆ ಎಂದ. ಆದರೆ ಯಾವುದಕ್ಕೂ ಹೆಸರಿಲ್ಲ, ತಾರೀಖಿಲ್ಲ, ಬರೀ ನಂಬರು. ಒಂದೊಂದನ್ನೇ ತೆರೆದು ನೋಡಿ ನೀವೇ ಹೆಸರಿಡಬೇಕು ಎಂದ. ಇಡುತ್ತೇನೆ ಮಹರಾಯ, ಬೇಕಾದರೆ ತೊಟ್ಟಿಲು ಕಟ್ಟಿ ಇಡುತ್ತೇನೆ ಎಂದುಕೊಂಡು ಓಡಿದೆ. ಮೊದಲು ಮಾಡಿದ ಕೆಲಸ ಎರಡು ಕಡೆ ಕಾಪಿ.

ಭಾನುವಾರ ಮಧ್ಯಾಹ್ನ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡೆ. ಸಂಜೆ ಅವ್ವನ ಕಾಲ್ ಬರುವಷ್ಟರಲ್ಲಿ ಒಂದು ಹತ್ತಕ್ಕಾದರೂ ಹೆಸರಿಡಬೇಕೆಂದಿತ್ತು. ಅವಳು ಗೊಣಗುತ್ತಲೇ ಬಂದಳು. ಮೊದಲಿನ ಎರಡರಲ್ಲಿ ನನ್ನ ಹೆಬ್ಬೆರಳು, ಮೂರನೆಯದರಲ್ಲಿ ಬರೀ ನೆಲ. ನಾಲ್ಕನೆಯದು ಬಾಲ್ಕನಿ. ಅವ್ವನ ತಟ್ಟೆಯಲ್ಲಿ ಕಲ್ಲಂಗಡಿ, ಅದರ ಮೇಲೊಂದು ಕಣಜದ ಹುಳು. ಅವ್ವ ಕುರ್ಚಿಯಿಂದ ಎದ್ದು ಗೋಡೆಗೆ ಆತುಕೊಂಡಿದ್ದಾಳೆ. ಚಡ್ಡಿ ಹಾಕಿಕೊಂಡ ಮೂರು ವರ್ಷದ ಹುಡುಗಿ, ಕೈಯಲ್ಲಿ ಚಪಾತಿಯ ಲಟ್ಟಣಿಗೆ ಹಿಡಿದು ನಡುವೆ ನಿಂತಿದ್ದಾಳೆ.

"ಅಂಜಬ್ಯಾಡ ಅಜ್ಜಿ, ನಾ ಅದೀನಲ್ಲ! ನೀ ನನ್ನ ಹಿಂದ ನಿಂದರು!"

"ಹೌದ ನಮ್ಮವ್ವಾ," ಎನ್ನುತ್ತಾಳೆ ಅವ್ವ ನಗುತ್ತ, "ನೀ ಇದ್ಮ್ಯಾಲ ನನಗ್ಯಾಕ ಅಂಜಿಕಿ?"

ನಾನು ಗಹಗಹಿಸಿ ನಕ್ಕೆ. ಸಿಕ್ಕಿತಲ್ಲ, ಎಲ್ಲ ಸಿಕ್ಕಿತಲ್ಲ ಎಂದು ಹೊಟ್ಟೆ ತುಂಬ ನಗುತ್ತ ಮಗಳ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಪರದೆಗೆ ಮುಖ ಹತ್ತಿರ ಒಯ್ದು ಇನ್ನೊಮ್ಮೆ ಹಾಕಿದಳು. ಮತ್ತೂ ಒಮ್ಮೆ ಹಾಕಿದಳು.

"ವಾಸ್ ಹಾಬ್ ಇಶ್ ದಾ ಗೆಜಾಗ್ಟ್?" ಎಂದು ಕೇಳಿದಳು. 'ನಾನು ಅಲ್ಲಿ ಏನು ಹೇಳಿದ್ದೆ?' ಎಂದು ಅದರ ಅರ್ಥ.

ಅವಳಿಗೆ ತಿಳಿದಿರಲಿಲ್ಲ. ತನ್ನ ಮಾತೇ ಅವಳಿಗೆ ತಿಳಿದಿರಲಿಲ್ಲ. ಎದೆಯಲ್ಲಿ ಸಿಟ್ಟು ಎಂದಿನಂತೆ ಎದ್ದು ಬಂತು, ಬಂದು ಸುತ್ತ ನೋಡಿತು. ಅಂಗಡಿಯವಳಿರಲಿಲ್ಲ, ಗೆಳೆಯನಿರಲಿಲ್ಲ, ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ತಪ್ಪಂತೂ ಅಲ್ಲವೇ ಅಲ್ಲ. ಬೈಯಲು ಯಾರೂ ಸಿಗಲಿಲ್ಲ.

ನನಗೆ ಬಂದ ಹರುಕು ಜರ್ಮನ್‌ನಲ್ಲಿ ಅವಳ ಮಾತನ್ನು ಅವಳಿಗೆ ಹೇಳಿದೆ. ಅಜ್ಜಿ, ಹೆದರಬೇಡ, ನಾನಿದ್ದೇನಲ್ಲ, ನೀನು ನನ್ನ ಹಿಂದೆ ನಿಲ್ಲು. ಒಂದೆರಡು ತಪ್ಪು ಖಂಡಿತ ಇದ್ದವು. ಅವಳು ತಿದ್ದಲಿಲ್ಲ.