ಬೀಗರ ಮನೆಯ ಹಳೆಯ ಆಣೆ

ಇದು ನಡೆದದ್ದು... ನನ್ನ ಕಣ್ಣೆದುರೇ ನಡೆದದ್ದು. ನನ್ನ ಗಂಡ ನಂಬುವುದಿಲ್ಲ. ಮಗಳಂತೂ ಈ ವಿಷಯ ಎತ್ತಿದರೆ ಫೋನ್ ಇಟ್ಟುಬಿಡುತ್ತಾಳೆ. ನೀವೂ ನಂಬದಿದ್ದರೆ ನನಗೇನೂ ಬೇಜಾರಿಲ್ಲ, ಆದರೆ ನಗಬೇಡಿ. ಇಂಥ ವಿಷಯಕ್ಕೆ ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹನ್ನೆರಡು ಗಂಟೆ ರಾತ್ರಿಯ ಕಥೆ ಎಂದೂ ಅಂದುಕೊಳ್ಳಬೇಡಿ. ಸ್ವೀಡನ್ನಿನ ಡಿಸೆಂಬರಿನಲ್ಲಿ ಮಧ್ಯಾಹ್ನದ ಕಾಫಿ ಹೊತ್ತಿಗೇ ಕತ್ತಲು. ನಾನು ಕೆಲಸ ಮಾಡುವ ಶಿಶುವಿಹಾರದಲ್ಲಿ ಮಕ್ಕಳನ್ನು ಮನೆಗೆ ಕಳಿಸುವಾಗ ಹೊರಗೆ ನಡುರಾತ್ರಿಯ ಹಾಗಿರುತ್ತದೆ. ಇದು ಅಂಥ ಒಂದು ಸಾಯಂಕಾಲದ ರಾತ್ರಿ.

ನಾವು ಟ್ರೋಲ್‌ಹೆಟ್ಟನ್‌ಗೆ ಬಂದಾಗ ನಮ್ಮ ಮೇಘನಾಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ಈಗ ಅವಳಿಗೆ ಸ್ಟಾಕ್‌ಹೋಮಿನಲ್ಲಿ ಕೆಲಸ. ಕಳೆದ ಬೇಸಿಗೆಯಲ್ಲಿ ಯೋನಾಸ್ ಎಂಬ ಸ್ವೀಡಿಷ್ ಹುಡುಗನನ್ನು ಕರೆತಂದು, "ಅಮ್ಮ, ನಾವು ಮದುವೆ ಆಗ್ತೀವಿ" ಎಂದಳು. ಹುಡುಗ ಕೆಟ್ಟವನಲ್ಲ, ಸಾರನ್ನ ಎರಡು ಸಲ ಬಡಿಸಿಕೊಂಡು ತಿಂದ. ಆದರೂ ನನಗೆ ಆ ಸಂಬಂಧ ಬೇಡವಾಗಿತ್ತು. ಮುಚ್ಚುಮರೆ ಯಾಕೆ, ಹೇಗಾದರೂ ಮುರಿದುಬಿದ್ದರೆ ಸಾಕು ಎಂದೇ ಕಾಯುತ್ತಿದ್ದೆ.

"ಹುಡುಗನ ಮನೆತನ ವಿಚಾರಿಸದೆ ನಾನು ಹೆಣ್ಣು ಕೊಡಲ್ಲ" ಎಂದು ಪಟ್ಟು ಹಿಡಿದೆ.

ಮೇಘನಾ ನಕ್ಕಳು. "ವಿಚಾರಿಸು ಅಮ್ಮ. ಇಲ್ಲಿ ಎಲ್ಲರ ರೆಕಾರ್ಡ್ಸೂ ಓಪನ್ನೇ."

ಅದು ನಿಜ. ನಮ್ಮಲ್ಲಿ ಸೋದರಮಾವನನ್ನು ಕಳಿಸಿ ಹುಡುಗನ ಊರಿನ ಹೋಟೆಲಿನಲ್ಲಿ ಕೂರಿಸಿ ವಿಚಾರಿಸುತ್ತಾರೆ. ಇಲ್ಲಿ ಯಾರು ಯಾರಿಗೆ ಹುಟ್ಟಿದರು, ಯಾವ ಮನೆಯಲ್ಲಿ ಜೀತಕ್ಕಿದ್ದರು, ಯಾಕೆ ಕೋರ್ಟು ಹತ್ತಿದರು, ಎಲ್ಲವೂ ಚರ್ಚು ಮತ್ತು ಕೋರ್ಟಿನ ಹಳೆಯ ದಾಖಲೆಗಳಲ್ಲಿದೆ. ಯಾರು ಬೇಕಾದರೂ ಹೋಗಿ ನೋಡಬಹುದು.

ಯೋನಾಸನ ಅಜ್ಜ ಬೆಂಗ್ಟ್‌ಗೆ ಇದನ್ನು ಕೇಳಿ ಸಿಟ್ಟು ಬರಲಿಲ್ಲ, ಖುಷಿಯೇ ಆಯಿತು. ತಾಯಿ ತಂದೆ ಬೇರೆಯಾದ ಮೇಲೆ ಯೋನಾಸನನ್ನು ಬೆಳೆಸಿದವನು ಈ ಅಜ್ಜನೇ. ತನ್ನ ವಂಶವೃಕ್ಷವನ್ನು ಗೋಡೆಯಗಲ ಬರೆಸಿ ತೂಗುಹಾಕಿದ್ದ ಮನುಷ್ಯ. "ಬಾ, ತೋರಿಸ್ತೀನಿ. ನಮ್ಮ ಮನೆಯಲ್ಲಿ ಒಂದು ಕಲೆಯೂ ಇಲ್ಲ" ಎಂದ. ಇಲ್ಲಿ ಎಲ್ಲರಿಗೂ ಎಲ್ಲರೂ ನೀನೇ, ಬೀಗರೆಂಬ ಬಹುವಚನವಿಲ್ಲ.

ಡಿಸೆಂಬರಿನ ಒಂದು ಶನಿವಾರ ನಾನೂ ಮೇಘನಾಳೂ ಬಸ್ಸು ಹತ್ತಿ ಅವನ ಊರಿಗೆ ಹೋದೆವು. ಯೋನಾಸನಿಗೆ ಕೆಲಸ, ನಮ್ಮ ಯಜಮಾನರಿಗೆ ಎಂಜಿನ್ ಫ್ಯಾಕ್ಟರಿಯಲ್ಲಿ ಶಿಫ್ಟು. ದಾರಿಯುದ್ದಕ್ಕೂ ಕಾಡು, ಹಿಮ... ಎಲ್ಲೋ ಒಂದೊಂದು ಕಿಟಕಿಯಲ್ಲಿ ದೀಪ.

ಊರ ನಡುವೆ ಹಳೆಯ ಕೋರ್ಟು ಕಟ್ಟಡ. ಟಿಂಗ್‌ಹುಸ್ ಎನ್ನುತ್ತಾರೆ. ಕೋರ್ಟು ದೊಡ್ಡ ಊರಿಗೆ ಹೋಗಿ ಎಷ್ಟೋ ಕಾಲವಾಗಿದೆ. ಕೆಳಗಿನ ಕೋಣೆಯಲ್ಲಿ ವಂಶಾವಳಿ ಹುಡುಕುವವರ ಸಂಘವಿದೆ. ಮಹಡಿಯ ಮೇಲಿನ ಕೋರ್ಟ್ ಹಾಲನ್ನು ಮೊದಲಿದ್ದ ಹಾಗೆಯೇ ಉಳಿಸಿಕೊಂಡಿದ್ದಾರೆ. ಸಂಘದ ಬಿರ್ಗಿಟ್ಟಾ ಎಂಬ ಹೆಂಗಸು ಬಾಗಿಲು ತೆರೆದಳು. ಒಳಗೆ ಕಾಫಿಯ ವಾಸನೆ, ಹಳೆಯ ಕಾಗದದ ವಾಸನೆ.

ಬೆಂಗ್ಟ್ ಚರ್ಚಿನ ಪುಸ್ತಕದ ಪ್ರತಿಗಳನ್ನು ಹರಡಿಕೊಂಡು ಶುರು ಮಾಡಿದ. ಇವನು ಇವನ ಮಗ, ಅವನು ಅವನ ಮಗ. ಎಲ್ಲರೂ ಸಾಧುಗಳು, ಎಲ್ಲರೂ ಕಷ್ಟಜೀವಿಗಳು. ನನಗೆ ತಲೆಚಿಟ್ಟು ಹಿಡಿಯಿತು.

"ಪಾದ್ರಿ ಬರೆದದ್ದು ಸಾಕು. ಈ ಮನೆಯವರ ಹೆಸರಲ್ಲಿ ಕೋರ್ಟಿನ ದಾಖಲೆ ಏನಾದರೂ ಇದೆಯಾ?" ಎಂದು ಬಿರ್ಗಿಟ್ಟಾಳನ್ನು ಕೇಳಿದೆ.

ಅವಳು ಬೆಂಗ್ಟ್‌ನ ಮುಖ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು.

"ಒಂದಿದೆ" ಎಂದಳು ಮೆಲ್ಲಗೆ. ಕಪಾಟಿನಿಂದ ಕೋರ್ಟಿನ ಕಾಗದ ತೆಗೆದು ಓದಿ ಹೇಳಿದಳು.

ಬೆಂಗ್ಟ್‌ನ ಮುತ್ತಜ್ಜನ ಅಪ್ಪ ಓಲೋಫ್. ಅವರ ಮನೆಯಲ್ಲಿ ಹಾಲು ಕರೆಯುವ ಕೆಲಸಕ್ಕಿದ್ದ ಹುಡುಗಿ ಕಾಯ್ಸಾ. ಅವಳಿಗೊಂದು ಹೆಣ್ಣುಮಗು ಹುಟ್ಟಿತು. ಮಗು ಓಲೋಫನದು ಎಂದು ಅವಳು ಕೋರ್ಟಿಗೆ ಹೋದಳು. ಆ ಕಾಲದ ಕಾನೂನಿನಲ್ಲಿ ಅವನಿಗೊಂದು ಸುಲಭದ ದಾರಿಯಿತ್ತು. ಬೈಬಲ್ ಮೇಲೆ ಎರಡು ಬೆರಳಿಟ್ಟು "ನಾನು ಅವಳನ್ನು ಮುಟ್ಟಿಲ್ಲ" ಎಂದು ಪ್ರಮಾಣ ಮಾಡಿದರೆ ಮುಗಿಯಿತು. ಅವನು ಮಾಡಿದ. ಆ ವರ್ಷವೇ ಸಿರಿವಂತರ ಮನೆಯ ಹುಡುಗಿಯನ್ನು ಮದುವೆಯಾದ. ಕಾಯ್ಸಾಳನ್ನು ಸುಳ್ಳಿ ಎಂದು ಕೆಲಸದಿಂದ ಅಟ್ಟಿದರು. ಮಗು ಆ ಚಳಿಗಾಲ ದಾಟಲಿಲ್ಲ. ಆಮೇಲೆ ಅವಳ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ನನಗೆ ಒಳಗೇ ಸಂತೋಷವಾಯಿತು. ಹುಡುಕಿ ಬಂದದ್ದು ಸಿಕ್ಕಿತ್ತಲ್ಲ.

"ಸುಳ್ಳು ಆಣೆ ಮಾಡಿದ ಮನೆಗೆ ನಮ್ಮ ಕರಾವಳಿ ಕಡೆ ಹೆಣ್ಣು ಕೊಡುವುದಿಲ್ಲ" ಎಂದೆ. "ಅಂಥ ಆಣೆಯನ್ನು ಮೊದಲು ಬಿಡಿಸಬೇಕು. ಮನೆಯವರು ಯಾರಾದರೂ ದೇವರ ಮುಂದೆ ನಿಂತು, ಅದು ಸುಳ್ಳು, ತಪ್ಪಾಯಿತು ಅನ್ನಬೇಕು. ಇಲ್ಲದಿದ್ದರೆ ಅದು ಪೀಳಿಗೆಗೆ ಸುತ್ತಿಕೊಳ್ಳುತ್ತೆ."

"ಅಮ್ಮ, ಪ್ಲೀಸ್" ಎಂದಳು ಮೇಘನಾ ಕನ್ನಡದಲ್ಲಿ. "ಸುಮ್ನಿರು."

ಬೆಂಗ್ಟ್ ಗಹಗಹಿಸಿ ನಕ್ಕ. "ಸುಳ್ಳು ಅಂತ ಯಾರು ಹೇಳಿದರು? ಕೋರ್ಟೇ ಅವನನ್ನು ಬಿಟ್ಟಿದೆ. ಬನ್ನಿ ಮೇಲೆ, ಆ ಬೈಬಲ್ ಇನ್ನೂ ಅಲ್ಲೇ ಇದೆ. ಅವನ ಮಾತನ್ನು ನಾನೇ ಇನ್ನೊಮ್ಮೆ ಹೇಳ್ತೀನಿ, ಏನಾಗುತ್ತೆ ನೋಡೋಣ."

ಮರದ ಮೆಟ್ಟಿಲು. ಮೇಲೆ ಉದ್ದನೆಯ ಹಾಲ್, ಕೊನೆಯಲ್ಲಿ ನ್ಯಾಯಾಧೀಶರ ಮೇಜು, ಅದರ ಮೇಲೆ ಚರ್ಮದ ಹೊದಿಕೆಯ ದಪ್ಪ ಬೈಬಲ್. ಮೇಜಿನ ಮೇಲಿನ ದೀಪವೊಂದೇ ಉರಿಯುತ್ತಿತ್ತು. ಕಿಟಕಿಯಾಚೆ ಪೂರಾ ಕತ್ತಲು. ಮೇಘನಾ ಮುನಿಸಿಕೊಂಡು ಬಾಗಿಲ ಹತ್ತಿರದ ಬೆಂಚಿನಲ್ಲಿ ಫೋನ್ ಹಿಡಿದು ಕೂತಳು. ಫಿರ್ಯಾದಿಗಳು ಕೂರುತ್ತಿದ್ದ ಬೆಂಚು ಅದು ಎಂದು ನನಗೆ ಆಮೇಲೆ ತಿಳಿಯಿತು.

ಬೆಂಗ್ಟ್ ಎರಡು ಬೆರಳನ್ನು ಬೈಬಲ್ ಮೇಲಿಟ್ಟ. ನಾಟಕದವರ ಹಾಗೆ ಎದೆಯುಬ್ಬಿಸಿ, ಕೋರ್ಟಿನ ಕಾಗದ ನೋಡಿಕೊಂಡು ಹಳೆಯ ಸ್ವೀಡಿಷ್‌ನಲ್ಲಿ ಓದಿದ. "ದೇವರ ಸಾಕ್ಷಿಯಾಗಿ, ನಾನು ಅವಳನ್ನು ಮುಟ್ಟಿಲ್ಲ."

ಓದಿ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ.

ಆಗ ಬಂತು ವಾಸನೆ... ದನದ ಕೊಟ್ಟಿಗೆಯ ವಾಸನೆ, ಹುಳಿಹಿಡಿದ ಹಾಲು, ಒದ್ದೆ ಉಣ್ಣೆಬಟ್ಟೆ. ಮುಚ್ಚಿದ ಕಿಟಕಿಗಳ ಆ ಹಾಲಿನಲ್ಲಿ ಇದ್ದಕ್ಕಿದ್ದಂತೆ, ಯಾರೋ ನನ್ನ ಪಕ್ಕದಲ್ಲೇ ಹಾದುಹೋದ ಹಾಗೆ.

ಹಿಂದಿನಿಂದ ದನಿ ಕೇಳಿಸಿತು.

"ಇನ್ನೊಂದು ಸಲ ಹೇಳು."

ತಿರುಗಿ ನೋಡಿದೆ. ಹೇಳಿದವಳು ಮೇಘನಾ. ಫೋನ್ ತೊಡೆಯ ಮೇಲೆ ಬಿದ್ದಿತ್ತು. ಕಣ್ಣು ಮೇಜಿನ ಮೇಲೆ ನೆಟ್ಟಿತ್ತು. ನನ್ನ ಮಗಳಾಡುವ ಸ್ವೀಡಿಷ್ ನನಗೆ ಗೊತ್ತಿಲ್ಲವೇ? ಶಾಲೆಯಲ್ಲಿ ಕಲಿತ, ಚುರುಕಾದ, ನಗುನಗುವ ಭಾಷೆ ಅವಳದು. ಇದು ಗಂಟಲಿನಿಂದ ಎಳೆದು ತೆಗೆದಂಥ, ಒರಟಾದ ಹಳ್ಳಿಯ ಮಾತು.

ಬೆಂಗ್ಟ್ ತಮಾಷೆ ಎಂದುಕೊಂಡ. ನಗುತ್ತಲೇ ಇನ್ನೊಮ್ಮೆ ಹೇಳಿದ.

"ಇನ್ನೊಂದು ಸಲ."

ಈ ಬಾರಿ ಅವನು ನಗಲಿಲ್ಲ. ಕೈ ತೆಗೆಯಲು ಹೋದ... ಬೆರಳು ಏಳಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಜಗ್ಗಿದ. ಮೇಜು ಅಲುಗಿತೇ ಹೊರತು ಬೆರಳು ಏಳಲಿಲ್ಲ. ಬಾಯಿ ಮಾತ್ರ ತನ್ನಷ್ಟಕ್ಕೆ ತೆರೆದುಕೊಂಡು ಅದೇ ಮಾತು ಹೇಳಿತು.

"ಮೇಘನಾ" ಎಂದು ಕರೆದೆ. ಅವಳು ನನ್ನ ಕಡೆ ನೋಡಲಿಲ್ಲ.

ನಾನು ಬೆಂಗ್ಟ್‌ನ ಹತ್ತಿರ ಓಡಿದೆ. "ಆ ಮಾತನ್ನು ವಾಪಸ್ ತಗೋ" ಎಂದೆ. "ಮಗು ಓಲೋಫನದೇ ಅನ್ನು. ಅಷ್ಟೇ, ಒಂದೇ ಮಾತು."

ಅವನ ಮುಖ ಸುಣ್ಣದ ಹಾಗಾಗಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಅಷ್ಟರಲ್ಲೂ ಅವನು ನನ್ನನ್ನು ನೋಡಿದ ನೋಟ ಇದೆಯಲ್ಲ... ನಾನು ಯಾವಳೋ, ಅವನ ಮನೆಯ ಮರ್ಯಾದೆ ತೆಗೆಯಲು ಬಂದವಳು ಎಂಬಂತೆ.

"ಸತ್ತರೂ ಹೇಳಲ್ಲ" ಎಂದ.

ಬೆಂಚಿನಿಂದ ಸಣ್ಣ ನಗು ಕೇಳಿಸಿತು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ತೃಪ್ತಿಯಿತ್ತು.

"ಸರಿ. ಹಾಗಾದರೆ ಹೇಳುತ್ತಲೇ ಇರು."

ಬೆಂಗ್ಟ್ ಮೇಜಿನ ಅಂಚಿಗೆ ಕುಸಿದ. ಅದೇ ಗಳಿಗೆ ಬಾಗಿಲಲ್ಲಿ ಕಪ್ಪುಗಳು ಬಿದ್ದು ಚೂರಾದ ಸದ್ದು. ಬಿರ್ಗಿಟ್ಟಾ ಕಾಫಿ ತಟ್ಟೆ ಕೈಬಿಟ್ಟು ನಿಂತಿದ್ದಳು, ಎರಡೂ ಕೈ ಬಾಯಿಯ ಮೇಲೆ. ವಾಸನೆ ಹೋಗಿತ್ತು. ಮೇಘನಾ ತಲೆಯೆತ್ತಿ, "ಅಮ್ಮ... ಏನಾಯ್ತು? ಅವರ್ಯಾಕೆ ಬಿದ್ರು?" ಎಂದಳು. ಅವಳ ಮಾಮೂಲಿ ದನಿ.

ಆಂಬ್ಯುಲೆನ್ಸ್ ಬಂತು. ಮೆದುಳಿಗೆ ರಕ್ತ ಹೋಗುವುದು ನಿಂತಿತ್ತು, ಅದಕ್ಕೇ ಮಾತು ಹೋಗಿದೆ ಎಂದರು ಡಾಕ್ಟರು. ಪೂರಾ ಹೋಗಿಲ್ಲ. ಒಂದು ಮಾತು ಉಳಿದಿದೆ. ಬೆಂಗ್ಟ್ ಈಗ ವೃದ್ಧರ ಆರೈಕೆ ಮನೆಯಲ್ಲಿದ್ದಾನೆ, ಬೆಳಗಿನಿಂದ ರಾತ್ರಿವರೆಗೆ "ನಾನು ಅವಳನ್ನು ಮುಟ್ಟಿಲ್ಲ" ಎನ್ನುತ್ತಾನೆ. ಹೇಳಿ ಮುಗಿಸಿ ಕೋಣೆಯ ಮೂಲೆಯ ಕಡೆ ಕಿವಿಗೊಡುತ್ತಾನಂತೆ, ತಲೆಯಾಡಿಸುತ್ತಾನಂತೆ, ಮತ್ತೆ ಶುರು ಮಾಡುತ್ತಾನಂತೆ. ಅಲ್ಲಿಯ ನರ್ಸ್ ಯೋನಾಸನಿಗೆ ಹೇಳಿದ್ದು.

ನಾನು ಕಂಡದ್ದನ್ನೆಲ್ಲ ಮೇಘನಾಗೆ ಹೇಳಿದೆ. ಅವಳು ಬಿರ್ಗಿಟ್ಟಾಗೆ ಫೋನ್ ಮಾಡಿದಳು. ಆ ಮಹಾತಾಯಿ ಏನೆಂದಳು ಗೊತ್ತೇ? "ಅವನು ಬೀಳುವ ತನಕ ನಾನು ಕೆಳಗೆ ಕಾಫಿ ಮಾಡ್ತಿದ್ದೆ, ನನಗೇನೂ ಕೇಳಿಸಲಿಲ್ಲ." ಬಾಗಿಲಲ್ಲಿ ಅವಳು ಬೀಳಿಸಿದ ಕಪ್ಪುಗಳ ಚೂರು ಹೆಕ್ಕಿದವಳು ನಾನು. ಅವಳ ನಾಲಿಗೆ ಬಿದ್ದುಹೋಗಲಿ ಎಂದು ಮನಸಾರೆ ಶಪಿಸಿದೆ. ನಿಜ ಹೇಳಿಯೂ ಸುಳ್ಳಿ ಎನಿಸಿಕೊಂಡರೆ ಹೊಟ್ಟೆಯಲ್ಲಿ ಎಂಥ ಬೆಂಕಿ ಏಳುತ್ತದೆಂದು ನನಗೆ ಆ ದಿನ ಗೊತ್ತಾಯಿತು.

ಕ್ರಿಸ್‌ಮಸ್ ರಜೆಗೆ ಮೇಘನಾ ಮನೆಗೆ ಬಂದಳು. ಅಡುಗೆಮನೆಯಲ್ಲಿ ನನ್ನೆದುರು ನಿಂತಳು.

"ನೀನೇ ಆ ಮುದುಕನ್ನ ಹೆದರಿಸಿದೆ ಅಮ್ಮ. ಶಾಪ, ಆಣೆ ಅಂತೆಲ್ಲ ಹೇಳಿ. ಈ ಮದುವೆ ನಿಲ್ಲಿಸೋಕೆ."

"ಇಲ್ಲ ಪುಟ್ಟಿ. ಅಲ್ಲಿ ಮಾತಾಡಿದ್ದು ನಾನಲ್ಲ."

"ಹಾಗಾದ್ರೆ ನನ್ನ ತಲೆ ಮೇಲೆ ಕೈ ಇಡು. ಮದುವೆ ಮುರೀಲಿ ಅಂತ ನೀನು ಅಲ್ಲಿಗೆ ಬರ್ಲಿಲ್ಲ ಅಂತ ಹೇಳು. ಇಷ್ಟು ಹೇಳಿದ್ರೆ ಬಾಕಿದೆಲ್ಲಾ ನಂಬ್ತೀನಿ."

ಚಿಕ್ಕಂದಿನಲ್ಲಿ ಅವಳಿಂದ ಹೀಗೆಯೇ ನಿಜ ಹೊರಡಿಸುತ್ತಿದ್ದವಳು ನಾನು. ಅವಳು ತಲೆ ಬಗ್ಗಿಸಿ ನಿಂತಳು. ನಡುಬೈತಲೆ, ನಾನೇ ಎಷ್ಟೋ ವರ್ಷ ಎಣ್ಣೆ ಹಚ್ಚಿ ತೆಗೆದ ಬೈತಲೆ. ಒಂದು ಸುಳ್ಳು. ಎಲ್ಲ ತಾಯಂದಿರೂ ಹೇಳುವಂಥದ್ದೇ. ಹೇಳಿದ್ದರೆ ಮಗಳು ನನ್ನವಳಾಗಿ ಉಳಿಯುತ್ತಿದ್ದಳು.

ಕೈ ಎತ್ತಿದೆ. ಬೈಬಲ್ ಮೇಲೆ ಅಂಟಿಕೊಂಡಿದ್ದ ಆ ಎರಡು ಬೆರಳು ಕಣ್ಣ ಮುಂದೆ ಬಂದವು... ನನ್ನ ಮಗಳ ತಲೆಯ ಮೇಲೆ ಸುಳ್ಳು ಆಣೆಯೇ? ನನ್ನಿಂದ ಆಗಲಿಲ್ಲ. ಕೈ ಕೆಳಗಿಳಿಸಿದೆ.

ಅವಳು ತಲೆ ಎತ್ತಿದಳು. ಆಮೇಲೆ ಬ್ಯಾಗು ತೆಗೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಹೊರಟಳು.

ಮಾರ್ಚ್ ತನಕ ಒಂದು ಮಾತಿಲ್ಲ, ಕಥೆಯಿಲ್ಲ. ಮೊನ್ನೆ ಮೆಸೇಜ್ ಬಂತು. ಮೇ ತಿಂಗಳಲ್ಲಿ ಮದುವೆ, ಬೇಕಿದ್ದರೆ ಬನ್ನಿ ಎಂದು. ಕೆಳಗೆ ಜಾಗದ ವಿಳಾಸ. ಅದೇ ಟಿಂಗ್‌ಹುಸ್, ಮೇಲಿನ ಹಾಲ್.

ತಡೆಯಲಾರದೆ ಫೋನ್ ಮಾಡಿದೆ. ಅವಳು ಎತ್ತಿದಳು.

"ಅಲ್ಲಿ ಯಾಕೆ ಮೇಘನಾ? ಯೋನಾಸ್ ಹೇಳಿದ್ನಾ?"

"ಇಲ್ಲ, ಅವನಿಗೆ ಇಷ್ಟಾನೇ ಇಲ್ಲ." ಎಂದಳು. "ಗೊತ್ತಿಲ್ಲ ಅಮ್ಮ. ಅಲ್ಲೇ ಆಗ್ಬೇಕು ಅನ್ನಿಸ್ತು."

ಹೋಗುತ್ತೇನೆ. ಕರೆದರೂ ಕರೆಯದಿದ್ದರೂ ಹೋಗುತ್ತಿದ್ದೆ. ಆ ಮೇಜಿನ ಮುಂದೆ ಆ ಮನೆಯ ಗಂಡುಮಗನೊಬ್ಬ ಮತ್ತೆ ನಿಲ್ಲುತ್ತಾನೆ. ಇವಳನ್ನು ಪ್ರೀತಿಸುತ್ತೀಯಾ, ಕೈಬಿಡದೆ ನೋಡಿಕೊಳ್ಳುತ್ತೀಯಾ ಎಂದು ಕೇಳುತ್ತಾರೆ. ಅವನು ಹೂಂ ಎನ್ನಬೇಕು.

ಈ ಮದುವೆ ಬೇಡವೆಂದು ಊರ ದೇವರಿಗೆಲ್ಲ ಹರಕೆ ಹೊತ್ತವಳು ನಾನು. ಈಗ ದಿನಾ ದೀಪ ಹಚ್ಚಿ ಕೇಳುವುದು ಒಂದೇ. ಆ ಹುಡುಗ ಹೇಳುವ ಮಾತು ನಿಜವಾಗಿರಲಿ.